ತಲಪಾಡಿಯಿಂದ ಢಲ್ಕೆಬರ್‌ವರೆಗೆ: ಗಡಿ ದಾಟುವ ವಿದ್ಯುತ್ ಮತ್ತು ಅನಿಲದ ಮಾರುಕಟ್ಟೆಯನ್ನು ಓದುವ ಕ್ರಮ

ಮಂಗಳೂರಿನಿಂದ ಕಾಸರಗೋಡಿನ ಕಡೆಗೆ ಹೊರಟವರಿಗೆ ತಲಪಾಡಿ ದಾಟಿದರೆ ಕೇರಳ ಎಂಬುದು ಗೊತ್ತು. ವಿದ್ಯುತ್ ವ್ಯಾಪಾರದಲ್ಲಿಯೂ ಅಲ್ಲಿಯೇ ಒಂದು ಗಡಿ ಇದೆ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ವಿದ್ಯುತ್ತಿನ ಖರೀದಿ–ಮಾರಾಟ ನಡೆಯುವ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ತನ್ನ ವಹಿವಾಟಿಗಾಗಿ ದೇಶವನ್ನು ಕೆಲವು ಬೆಲೆ ವಲಯಗಳಾಗಿ ವಿಂಗಡಿಸಿಕೊಂಡಿದ್ದು, ಕರ್ನಾಟಕವು ಎಸ್1 ವಲಯದಲ್ಲಿಯೂ ಕೇರಳವು ಎಸ್3 ವಲಯದಲ್ಲಿಯೂ ಬರುತ್ತವೆ. ಲೈನುಗಳಲ್ಲಿ ಜಾಗವಿರುವಷ್ಟು ಹೊತ್ತು ಎರಡೂ ಕಡೆ ಒಂದೇ ದರ. ಲೈನು ತುಂಬಿದ ಗಳಿಗೆಯಲ್ಲಿ ದರ ಎರಡಾಗುತ್ತದೆ. ದೇಶ ದೇಶಗಳ ನಡುವೆ ವಿದ್ಯುತ್ ಮತ್ತು ಅನಿಲದ ಮಾರುಕಟ್ಟೆಗಳನ್ನು ಬೆಸೆಯುವ ದೊಡ್ಡ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಸಣ್ಣ ಸಂಗತಿಯ ಮೇಲೆಯೇ.

ಕೆಳಗಿನ ಹೆಜ್ಜೆಗಳನ್ನು ಬರೆದಿರುವುದು ಎಂಜಿನಿಯರಿಂಗ್ ಮತ್ತು ವಾಣಿಜ್ಯ ವಿದ್ಯಾರ್ಥಿಗಳಿಗಾಗಿ, ಕರೆಂಟ್ ಬಿಲ್ಲೇ ದೊಡ್ಡ ಖರ್ಚಾಗಿರುವ ಸಣ್ಣ ಉದ್ಯಮದವರಿಗಾಗಿ, ಮತ್ತು ಮೆಸ್ಕಾಂ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಹೋಗಿ ಮಾತನಾಡಬೇಕೆಂದಿರುವವರಿಗಾಗಿ. ‘ಎರಡು ದೇಶಗಳ ಇಂಧನ ಮಾರುಕಟ್ಟೆ ಒಂದಾಯಿತು’ ಎಂಬ ಸುದ್ದಿ ಓದಿದಾಗ ಅದು ನಿಜವಾಗಿ ಎಷ್ಟು ಒಂದಾಗಿದೆ ಎಂದು ಅಳೆಯಲು ಇವು ನೆರವಾಗಬೇಕೆಂಬುದು ಉದ್ದೇಶ.

ಹೆಜ್ಜೆ 1: ಸರಕನ್ನು ಅರಿಯುವುದು

ವಿದ್ಯುತ್ ಮತ್ತು ಅನಿಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾದರೂ ಅವುಗಳ ಸ್ವಭಾವ ಬೇರೆ. ಗ್ರಿಡ್ಡಿನಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸಮವಾಗಿರಬೇಕು; ಸಮ ತಪ್ಪಿದರೆ 50 ಹರ್ಟ್ಸ್ ಇರಬೇಕಾದ ಆವರ್ತನ ಏರುತ್ತದೆ ಅಥವಾ ಇಳಿಯುತ್ತದೆ. ಆದ್ದರಿಂದಲೇ ನಮ್ಮಲ್ಲಿ ವಿದ್ಯುತ್ತಿನ ವ್ಯಾಪಾರ 15 ನಿಮಿಷಗಳ ಲೆಕ್ಕದಲ್ಲಿ, ಅಂದರೆ ದಿನಕ್ಕೆ 96 ಬ್ಲಾಕ್‌ಗಳಲ್ಲಿ ನಡೆಯುತ್ತದೆ. ಅನಿಲಕ್ಕೆ ಇಷ್ಟು ಅವಸರವಿಲ್ಲ. ಕೊಳವೆಯೊಳಗಿನ ಒತ್ತಡವನ್ನು ಸ್ವಲ್ಪ ಏರಿಸಿದರೆ ಕೊಳವೆಯೇ ಗೋದಾಮಾಗುತ್ತದೆ, ಹೀಗಾಗಿ ಅನಿಲದ ಲೆಕ್ಕ ಸಾಮಾನ್ಯವಾಗಿ ದಿನದ ಲೆಕ್ಕ.

ಅಳತೆಗಳನ್ನೂ ಒಂದಕ್ಕೊಂದು ಹೊಂದಿಸಿಕೊಳ್ಳಬೇಕು. ಸಗಟು ಅನಿಲದ ದರವನ್ನು ಎಂಎಂಬಿಟಿಯು ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಎಂಎಂಬಿಟಿಯು ಎಂದರೆ ಸುಮಾರು 293 ಯೂನಿಟ್‌ಗಳಷ್ಟು ಶಾಖ. ಅದನ್ನು ಅರ್ಧದಷ್ಟು ದಕ್ಷತೆಯ ಸ್ಥಾವರದಲ್ಲಿ ಸುಟ್ಟರೆ ಸಿಗುವುದು ಸುಮಾರು 146 ಯೂನಿಟ್ ವಿದ್ಯುತ್. ಅನಿಲದ ದರ ಎಂಎಂಬಿಟಿಯುಗೆ 1,000 ರೂಪಾಯಿ ಎಂದುಕೊಂಡರೆ ಇಂಧನದ ಖರ್ಚೇ ಯೂನಿಟ್ಟಿಗೆ 6 ರೂಪಾಯಿ 80 ಪೈಸೆಯ ಆಸುಪಾಸು ಬರುತ್ತದೆ. ಈ ಒಂದು ಲೆಕ್ಕವನ್ನು ಕೈಯಲ್ಲಿ ಬರೆದು ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಲೈನು ಯಾವ ಬಗೆಯದು, ಅದರಲ್ಲಿ ಎಷ್ಟು ಜಾಗ

ಎರಡು ದೇಶಗಳನ್ನು ಜೋಡಿಸುವ ಲೈನಿನ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ: ಎರಡೂ ಗ್ರಿಡ್‌ಗಳು ಒಂದೇ ಲಯದಲ್ಲಿ ಮಿಡಿಯುತ್ತಿವೆಯೇ? ನೇಪಾಳದ ಢಲ್ಕೆಬರ್‌ನಿಂದ ಬಿಹಾರದ ಮುಜಫ್ಫರ್‌ಪುರಕ್ಕೆ ಬರುವ 400 ಕೆವಿ ಲೈನು ಎಸಿ (ಪರ್ಯಾಯ ವಿದ್ಯುತ್) ಲೈನು. ಅದರ ಮೂಲಕ ನೇಪಾಳ ಮತ್ತು ಭಾರತ ಒಂದೇ ಆವರ್ತನದಲ್ಲಿವೆ. ಬಾಂಗ್ಲಾದೇಶದ ಕಥೆ ಬೇರೆ. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಭೇರಾಮಾರಾಕ್ಕೆ ಹೋಗುವ ಜೋಡಣೆಯಲ್ಲಿ ಭೇರಾಮಾರಾದಲ್ಲಿ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ನೇರ ವಿದ್ಯುತ್) ಕೇಂದ್ರವಿದ್ದು, ಎಸಿಯನ್ನು ಡಿಸಿಯಾಗಿಸಿ ಮತ್ತೆ ಎಸಿಯಾಗಿಸುತ್ತಾರೆ. 2013ರಲ್ಲಿ 500 ಮೆಗಾವ್ಯಾಟ್‌ನಿಂದ ಆರಂಭವಾದ ಇದು 2018ರಲ್ಲಿ 1,000 ಮೆಗಾವ್ಯಾಟ್‌ಗೆ ಏರಿತು. ಡಿಸಿ ಜೋಡಣೆಯಲ್ಲಿ ಎಷ್ಟು ಹರಿಯಬೇಕೆಂಬುದನ್ನು ನಲ್ಲಿ ತಿರುಗಿಸಿದಂತೆ ನಿಗದಿಪಡಿಸಬಹುದು, ಒಂದು ಕಡೆಯ ಗ್ರಿಡ್ ಕುಸಿದರೆ ಇನ್ನೊಂದು ಕಡೆಗೆ ಅದರ ಪೆಟ್ಟು ನೇರವಾಗಿ ತಗಲುವುದಿಲ್ಲ. ಎಸಿ ಜೋಡಣೆ ಅಗ್ಗ, ಆದರೆ ನೆರೆಮನೆಯ ಸಂಕಟ ನಮ್ಮ ಮನೆಗೂ ಬರುತ್ತದೆ.

ಎರಡನೆಯ ಪ್ರಶ್ನೆ ಸಾಮರ್ಥ್ಯದ್ದು. ನಂದಿಕೂರಿನ ಬಳಿಯ 400 ಕೆವಿ ಗೋಪುರಗಳನ್ನು ಕತ್ತೆತ್ತಿ ನೋಡಿದವರಿಗೆ ಎರಡು ಬದಿಯಲ್ಲಿ ಮೂರು ಮೂರು ತಂತಿಗಳ ಗುಂಪು ಕಾಣುತ್ತದೆ. ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದ ವಿದ್ಯುತ್ ಹಾಸನದ ಶಾಂತಿಗ್ರಾಮಕ್ಕೆ ಹೋಗುವುದು ಈ ಎರಡು ಸರ್ಕ್ಯೂಟ್‌ಗಳಲ್ಲಿ. ಘಟ್ಟದಲ್ಲಿ ಸಿಡಿಲು ಬಡಿದು ಒಂದು ಸರ್ಕ್ಯೂಟ್ ಟ್ರಿಪ್ ಆದರೆ ಹೊರೆಯೆಲ್ಲ ಮರುಕ್ಷಣವೇ ಇನ್ನೊಂದರ ಮೇಲೆ ಬೀಳುತ್ತದೆ. ಆದ್ದರಿಂದ ಯಾವ ಲೈನನ್ನೂ ಅದರ ಹೆಸರಿನ ಸಾಮರ್ಥ್ಯದವರೆಗೆ ತುಂಬುವಂತಿಲ್ಲ. ಒಟ್ಟು ಸಾಮರ್ಥ್ಯದಿಂದ ಸುರಕ್ಷತೆಯ ಪಾಲನ್ನು ಕಳೆದು ಉಳಿದದ್ದು ಮಾತ್ರ ವ್ಯಾಪಾರಕ್ಕೆ. ಗಡಿ ದಾಟುವ ಲೈನುಗಳ ಬಗ್ಗೆ ಸುದ್ದಿಯಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಮೊದಲನೆಯದು. ನೀವು ಹುಡುಕಬೇಕಾದದ್ದು ಕೊನೆಯದು. ಯುರೋಪಿನಲ್ಲಿ ಪ್ರತಿ ದೇಶವೂ ಸುರಕ್ಷತೆಯ ನೆಪ ಹೇಳಿ ಗಡಿಯ ಲೈನುಗಳನ್ನು ಕಟ್ಟಿಹಾಕುತ್ತಿದೆ ಎಂಬ ದೂರು ಹೆಚ್ಚಾದಾಗ, ಕನಿಷ್ಠ 70 ಪ್ರತಿಶತ ಸಾಮರ್ಥ್ಯವನ್ನು ವ್ಯಾಪಾರಕ್ಕೆ ಬಿಡಬೇಕೆಂದು 2019ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಇಲ್ಲಿ ಒಂದು ಮಾತು. ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ನಮ್ಮ ಜಿಲ್ಲೆಗಳ ಕೃಷಿಕರು ತೋರಿದ ವಿರೋಧವನ್ನು ‘ಅಭಿವೃದ್ಧಿಗೆ ಅಡ್ಡಗಾಲು’ ಎಂದು ತಳ್ಳಿಹಾಕುವವರು ಈ ಲೆಕ್ಕವನ್ನು ಅರ್ಧ ಮಾತ್ರ ಓದಿದವರು. ದರ ಇಳಿದರೆ ಅದರ ಲಾಭ ದೂರದ ಲಕ್ಷಾಂತರ ಗ್ರಾಹಕರಿಗೆ ಪೈಸೆ ಪೈಸೆಯಾಗಿ ಹಂಚಿಹೋಗುತ್ತದೆ. ತಂತಿಯಡಿಯ ತೋಟದಲ್ಲಿ ಅಡಿಕೆ ಮರ ಕಡಿಯಬೇಕಾದವನ ನಷ್ಟ ಒಬ್ಬನದೇ. ಪರಿಹಾರದ ಮೊತ್ತವೂ ಯೋಜನೆಯ ವೆಚ್ಚದೊಳಗೆ ಬರಬೇಕಾದ ಒಂದು ಕಲಂ.

ಹೆಜ್ಜೆ 3: ಯಾರ ಅಪ್ಪಣೆ ಬೇಕು

ಇದನ್ನು ಬೇಗ ಮುಗಿಸೋಣ. ಭಾರತದಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯದ 2018ರ ಮಾರ್ಗಸೂಚಿ ಮತ್ತು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2019ರ ನಿಯಮಾವಳಿ ಈ ವ್ಯಾಪಾರದ ಬುನಾದಿ. ಅನುಮೋದನೆ ನೀಡುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದಲ್ಲಿರುವ ನಿಯುಕ್ತ ಅಧಿಕಾರಿ. ನೇಪಾಳದ ಜಲವಿದ್ಯುತ್ತಿಗೆ ಅನುಮತಿ ಸಿಗುವುದು ದೇಶಕ್ಕೆ ಒಟ್ಟಾಗಿ ಅಲ್ಲ, ಸ್ಥಾವರದ ಹೆಸರು ಹಿಡಿದು. 2021ರ ನವೆಂಬರ್‌ನಲ್ಲಿ ನೇಪಾಳವು ಭಾರತದ ಎಕ್ಸ್‌ಚೇಂಜಿನಲ್ಲಿ ಮಾರಾಟ ಆರಂಭಿಸಿದಾಗ ಒಪ್ಪಿಗೆ ಇದ್ದದ್ದು ತ್ರಿಶೂಲಿ ಮತ್ತು ದೇವಿಘಾಟ್ ಸ್ಥಾವರಗಳ 39 ಮೆಗಾವ್ಯಾಟ್‌ಗೆ ಮಾತ್ರ. ಭಾರತದೊಂದಿಗೆ ಭೂಗಡಿ ಹೊಂದಿದ್ದೂ ವಿದ್ಯುತ್ ಸಹಕಾರದ ಒಪ್ಪಂದ ಮಾಡಿಕೊಳ್ಳದ ಮೂರನೇ ದೇಶದ ಒಡೆತನ ಸ್ಥಾವರದಲ್ಲಿದ್ದರೆ ಅದರ ವಿದ್ಯುತ್ತನ್ನು ಇಲ್ಲಿ ಕೊಳ್ಳುವಂತಿಲ್ಲ. ಮಾರುಕಟ್ಟೆಯ ಹಾದಿಯಲ್ಲಿ ರಾಜಕೀಯ ಎಲ್ಲಿ ಕುಳಿತಿದೆ ಎಂದು ತಿಳಿಯಬೇಕಾದರೆ ಅನುಮೋದನೆಯ ಷರತ್ತುಗಳನ್ನು ಓದಿದರೆ ಸಾಕು.

ಹೆಜ್ಜೆ 4: ದರ ಹೇಗೆ ಕೂಡುತ್ತದೆ

ಬೆಸುಗೆಯ ಹೃದಯ ಇಲ್ಲಿದೆ; ಇದನ್ನು ಮೀನಿನ ಮೂಲಕ ಅರ್ಥ ಮಾಡಿಕೊಳ್ಳುವುದು ನಮಗೆ ಸುಲಭ. ಮಲ್ಪೆಯಲ್ಲಿ ಬಂಗುಡೆ ಹೇರಳವಾಗಿ ಬಿದ್ದು ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಕಡಿಮೆ ಬಂದಿದ್ದರೆ ಲಾರಿಗಳು ದಕ್ಷಿಣಕ್ಕೆ ಓಡುತ್ತವೆ. ಬೇಕಾದಷ್ಟು ಲಾರಿಗಳಿದ್ದರೆ ಎರಡೂ ಕಡೆಯ ದರ ಸಾಗಾಟದ ಖರ್ಚಿನಷ್ಟು ಅಂತರಕ್ಕೆ ಬಂದು ನಿಲ್ಲುತ್ತದೆ. ಲಾರಿಗಳು ಸಾಲದೆ ಹೋದರೆ ಮಲ್ಪೆಯಲ್ಲಿ ಅಗ್ಗ, ದಕ್ಕೆಯಲ್ಲಿ ತುಟ್ಟಿ ಎಂಬ ಸ್ಥಿತಿ ಉಳಿಯುತ್ತದೆ, ಮತ್ತು ಆ ಅಂತರ ಲಾರಿಯವನ ಜೇಬಿಗೆ ಹೋಗುತ್ತದೆ.

ಈಗ ಲಾರಿಯ ಜಾಗವನ್ನು ಹಿಂದಿನ ದಿನವೇ ಬೇರೆ ಹರಾಜಿನಲ್ಲಿ ಕೊಂಡು, ಮೀನನ್ನು ಮರುದಿನ ಇನ್ನೊಂದು ಹರಾಜಿನಲ್ಲಿ ಕೊಳ್ಳಬೇಕು ಎಂದುಕೊಳ್ಳಿ. ಬೆಳಿಗ್ಗೆ ನೋಡಿದರೆ ದಕ್ಕೆಯಲ್ಲಿಯೇ ಮೀನು ರಾಶಿ ಬಿದ್ದಿದೆ. ಜಾಗ ಕೊಂಡವನು ಕೈಸುಟ್ಟುಕೊಂಡ. ಯುರೋಪಿನಲ್ಲಿ ವರ್ಷಗಟ್ಟಲೆ ನಡೆದದ್ದು ಇದೇ: ಲೈನಿನ ಸಾಮರ್ಥ್ಯಕ್ಕೆ ಒಂದು ಹರಾಜು, ವಿದ್ಯುತ್ತಿಗೆ ಇನ್ನೊಂದು. ಪರಿಣಾಮವಾಗಿ ಕೆಲವೊಮ್ಮೆ ತುಟ್ಟಿಯ ಕಡೆಯಿಂದ ಅಗ್ಗದ ಕಡೆಗೆ ವಿದ್ಯುತ್ ಹರಿಯುತ್ತಿತ್ತು. ಇದಕ್ಕೆ ಕಂಡುಕೊಂಡ ಪರಿಹಾರವೇ ಮಾರುಕಟ್ಟೆ ಜೋಡಣೆ. ಎಲ್ಲ ದೇಶಗಳ ಖರೀದಿ ಮತ್ತು ಮಾರಾಟದ ಬಿಡ್‌ಗಳನ್ನೂ ಲೈನುಗಳ ಲಭ್ಯ ಸಾಮರ್ಥ್ಯವನ್ನೂ ಒಂದೇ ಗಣಿತಕ್ಕೆ ಹಾಕಿ, ದರ ಮತ್ತು ಹರಿವು ಎರಡನ್ನೂ ಒಟ್ಟಿಗೆ ಕಂಡುಹಿಡಿಯುವುದು. ನಾರ್ವೆ ಮತ್ತು ಸ್ವೀಡನ್ 1996ರಲ್ಲಿಯೇ ಒಂದೇ ಎಕ್ಸ್‌ಚೇಂಜ್ ಕಟ್ಟಿಕೊಂಡಿದ್ದವು. ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ 2006ರ ನವೆಂಬರ್‌ನಲ್ಲಿ ತಮ್ಮ ಮಾರುಕಟ್ಟೆಗಳನ್ನು ಜೋಡಿಸಿದವು. 2014ರ ಫೆಬ್ರವರಿಯಲ್ಲಿ ವಾಯವ್ಯ ಯುರೋಪಿನಲ್ಲಿ ಯುಫೇಮಿಯಾ ಎಂಬ ಲೆಕ್ಕವಿಧಾನ ಜಾರಿಗೆ ಬಂದು, ಅಲ್ಲಿಂದ ಯುರೋಪಿಯನ್ ಒಕ್ಕೂಟದ ಬಹುಪಾಲು ಕಡೆಗೆ ಹರಡಿತು.

ಒಂದು ಕಲ್ಪಿತ ಉದಾಹರಣೆ ಹಾಕಿ ನೋಡಿ. ‘ಅ’ ದೇಶದಲ್ಲಿ ಯೂನಿಟ್ಟಿಗೆ 4 ರೂಪಾಯಿ, ‘ಆ’ ದೇಶದಲ್ಲಿ 7 ರೂಪಾಯಿ, ನಡುವೆ 300 ಮೆಗಾವ್ಯಾಟ್ ಲೈನು. ಲೈನು ಪೂರ್ತಿ ತುಂಬಿದ ಮೇಲೆ ‘ಅ’ದಲ್ಲಿ ದರ 4.40ಕ್ಕೆ ಏರುತ್ತದೆ, ‘ಆ’ದಲ್ಲಿ 6.20ಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. 15 ನಿಮಿಷದ ಒಂದು ಬ್ಲಾಕ್‌ನಲ್ಲಿ ಹರಿದದ್ದು 75,000 ಯೂನಿಟ್. ಉಳಿದ ಅಂತರ 1.80 ರೂಪಾಯಿ, ಹಾಗಾದರೆ ಆ ಕಾಲು ಗಂಟೆಯಲ್ಲಿ 1,35,000 ರೂಪಾಯಿ ಯಾರದೂ ಅಲ್ಲದ ಹಣವಾಗಿ ನಡುವೆ ನಿಲ್ಲುತ್ತದೆ. ಇದನ್ನು ದಟ್ಟಣೆಯ ಆದಾಯ ಎನ್ನುತ್ತಾರೆ. ಒಪ್ಪಂದವನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಹಣ ಯಾರ ಖಾತೆಗೆ ಹೋಗುತ್ತದೆ ಎಂಬ ಕಲಮನ್ನು. ಲೈನು ಕಟ್ಟಿದವನಿಗೇ ಪೂರ್ತಿ ಹೋದರೆ ಅವನಿಗೆ ಇನ್ನೊಂದು ಲೈನು ಕಟ್ಟುವ ಆಸಕ್ತಿ ಉಳಿಯುವುದಿಲ್ಲ; ಲಾರಿಗಳು ಕಡಿಮೆಯಿದ್ದಷ್ಟೂ ಲಾರಿಯವನಿಗೆ ಲಾಭ ತಾನೆ? ‘ಅ’ ದೇಶದ ಗ್ರಾಹಕರು 40 ಪೈಸೆ ಹೆಚ್ಚು ಕೊಡಬೇಕಾಗಿ ಬಂತು ಎಂಬುದನ್ನೂ ಮರೆಯಬಾರದು. ಬೆಸುಗೆಯಿಂದ ಒಟ್ಟು ಲಾಭವಾಗುತ್ತದೆ, ಎಲ್ಲರಿಗೂ ಆಗುವುದಿಲ್ಲ.

ಇದು ನಮಗೆ ಹೊಸತೂ ಅಲ್ಲ. ದಕ್ಷಿಣದ ಗ್ರಿಡ್ ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದೇಶದ ಉಳಿದ ಗ್ರಿಡ್‌ನೊಂದಿಗೆ ಕೂಡಿದ್ದು 2013ರ ಡಿಸೆಂಬರ್ 31ರಂದು. ಅದಕ್ಕಿಂತ ಮೊದಲು ದಕ್ಷಿಣದ ವಲಯಗಳಲ್ಲಿ ಎಕ್ಸ್‌ಚೇಂಜ್ ದರ ಉಳಿದ ಕಡೆಗಿಂತ ಎತ್ತರದಲ್ಲಿರುತ್ತಿತ್ತು. ಕೂಡಿದ ಮರುದಿನವೇ ದರ ಸಮವಾಗಲಿಲ್ಲ. ಇನ್ನಷ್ಟು ಲೈನುಗಳು ಬರುವವರೆಗೆ, ಕೆಲವು ವರ್ಷ, ಅಂತರ ಮುಂದುವರಿಯಿತು. ಉಕ್ರೇನ್ ಕೂಡ 2022ರ ಮಾರ್ಚ್ 16ರಂದು ಯುರೋಪಿನ ಗ್ರಿಡ್‌ಗೆ ಜೋಡಣೆಯಾಯಿತು, ಆದರೆ ವಿದ್ಯುತ್ ಮಾರಾಟಕ್ಕೆ ಬಾಗಿಲು ತೆರೆದದ್ದು ಜೂನ್ ತಿಂಗಳ ಕೊನೆಗೆ. ತಂತಿ ಕೂಡುವ ದಿನ ಬೇರೆ, ದರ ಕೂಡುವ ದಿನ ಬೇರೆ.

ಒಂದು ಎಚ್ಚರಿಕೆ: 2025ರ ಜುಲೈನಲ್ಲಿ ಕೇಂದ್ರ ಆಯೋಗವು ‘ಮಾರ್ಕೆಟ್ ಕಪ್ಲಿಂಗ್’ ತರುವುದಾಗಿ ಆದೇಶ ಹೊರಡಿಸಿದಾಗ ಅದರ ಅರ್ಥ ನಮ್ಮದೇ ದೇಶದ ಹಲವು ಎಕ್ಸ್‌ಚೇಂಜ್‌ಗಳ ಬಿಡ್‌ಗಳನ್ನು ಒಂದುಗೂಡಿಸುವುದು ಎಂದಾಗಿತ್ತು. ಯುರೋಪಿನಲ್ಲಿ ಅದೇ ಪದ ದೇಶಗಳ ಜೋಡಣೆಯನ್ನು ಹೇಳುತ್ತದೆ. ಪದ ಒಂದೇ, ಕೆಲಸ ಬೇರೆ.

ಹೆಜ್ಜೆ 5: ಲೆಕ್ಕ ಚುಕ್ತಾ ಮಾಡುವವರು ಯಾರು

ನೇಪಾಳ ವಿದ್ಯುತ್ ಪ್ರಾಧಿಕಾರವು 50 ಮೆಗಾವ್ಯಾಟ್ ಕೊಡುತ್ತೇನೆಂದು ಶೆಡ್ಯೂಲ್ ಹಾಕಿ, ಹೊಳೆಯಲ್ಲಿ ಕೆಸರು ಬಂದು 40 ಮಾತ್ರ ಕೊಟ್ಟರೆ ಉಳಿದ 10ನ್ನು ಆ ಕ್ಷಣದಲ್ಲಿ ಗ್ರಿಡ್ಡೇ ತುಂಬಿಸುತ್ತದೆ. ಅದಕ್ಕೆ ದಂಡದ ದರದಲ್ಲಿ ಹಣ ಯಾರು ಕೊಡಬೇಕು, ಯಾವ ನಾಣ್ಯದಲ್ಲಿ, ಎಷ್ಟು ದಿನದೊಳಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಭಾರತದ ಕಡೆಯಿಂದ ನೆರೆಯ ದೇಶಗಳೊಂದಿಗಿನ ಇಂಥ ಲೆಕ್ಕಗಳನ್ನು ನೋಡಿಕೊಳ್ಳುವುದು ಎನ್‌ಟಿಪಿಸಿಯ ಅಂಗಸಂಸ್ಥೆಯಾದ ಎನ್‌ವಿವಿಎನ್.

ಮೂರನೇ ದೇಶ ನಡುವೆ ಬಂದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ನೇಪಾಳದಿಂದ ಭಾರತದ ಗ್ರಿಡ್ ಮೂಲಕ ಬಾಂಗ್ಲಾದೇಶಕ್ಕೆ 40 ಮೆಗಾವ್ಯಾಟ್ ಸಾಗಿಸುವ ತ್ರಿಪಕ್ಷೀಯ ಒಪ್ಪಂದಕ್ಕೆ 2024ರ ಅಕ್ಟೋಬರ್ 3ರಂದು ಸಹಿ ಬಿತ್ತು. ಯೂನಿಟ್ಟಿಗೆ 6.40 ಅಮೆರಿಕನ್ ಸೆಂಟ್, ಅಳತೆಯ ಜಾಗ ಮುಜಫ್ಫರ್‌ಪುರ, ಅವಧಿ ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15. ಮೊದಲ ವಿದ್ಯುತ್ ಹರಿದದ್ದು ಆ ವರ್ಷದ ನವೆಂಬರ್ 15ರಂದು, ಅಂದರೆ ಅವಧಿ ಮುಗಿಯುವ ದಿನ. ನಗು ಬರಬಹುದು, ಆದರೆ 40 ಮೆಗಾವ್ಯಾಟ್ ಎಂಬ ಚಿಕ್ಕ ಪ್ರಮಾಣಕ್ಕೆ ಮೂರು ದೇಶಗಳ ಮೀಟರ್, ನಷ್ಟದ ಲೆಕ್ಕ, ಸಾಗಣೆ ಶುಲ್ಕ, ವ್ಯಾಪಾರಿ ಕಮಿಷನ್ ಎಲ್ಲವನ್ನೂ ಒಮ್ಮೆ ಒಪ್ಪಿಸಿಕೊಂಡರೆ, ಮುಂದೆ 400 ಮೆಗಾವ್ಯಾಟ್‌ಗೆ ಅದೇ ಕಾಗದ ಆಧಾರವಾಗುತ್ತದೆ.

ಹೆಜ್ಜೆ 6: ಅನಿಲಕ್ಕೆ ಬಂದರೆ

ಭಾರತಕ್ಕೆ ನೈಸರ್ಗಿಕ ಅನಿಲ ತರುವ ಅಂತರರಾಷ್ಟ್ರೀಯ ಕೊಳವೆ ಒಂದೂ ಇಲ್ಲ. ತುರ್ಕ್‌ಮೆನಿಸ್ತಾನದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರಬೇಕಿದ್ದ ತಾಪಿ ಯೋಜನೆ, ಇರಾನ್‌ನಿಂದ ಬರಬೇಕಿದ್ದ ಕೊಳವೆ, ಎರಡೂ ನಮ್ಮ ಗಡಿ ಮುಟ್ಟಲಿಲ್ಲ. ಬಳಕೆಯ ಸುಮಾರು ಅರ್ಧದಷ್ಟು ಅನಿಲ ಹಡಗಿನಲ್ಲಿ ಎಲ್‌ಎನ್‌ಜಿಯಾಗಿ, ಅಂದರೆ ತಣ್ಣಗಾಗಿಸಿ ದ್ರವವಾಗಿಸಿದ ಅನಿಲವಾಗಿ, ಬರುತ್ತದೆ. ಆದ್ದರಿಂದ ನಮ್ಮ ಪಾಲಿಗೆ ಅನಿಲದ ಗಡಿ ಎಂದರೆ ಕಡಲ ತೀರದ ಟರ್ಮಿನಲ್.

ಕೊಚ್ಚಿಯ ಉದಾಹರಣೆ ನಮ್ಮ ಊರಿಗೆ ಹತ್ತಿರದ್ದು, ಪಾಠವೂ ದೊಡ್ಡದು. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಟರ್ಮಿನಲ್ 2013ರಲ್ಲಿ ಸಿದ್ಧವಾಯಿತು. ಲೋಕದ ಯಾವ ಮೂಲೆಯಿಂದ ಬೇಕಾದರೂ ಹಡಗು ಬರಬಹುದಿತ್ತು, ಬಂದ ಅನಿಲವನ್ನು ಒಯ್ಯಲು ಕೊಳವೆಯೇ ಇರಲಿಲ್ಲ. ವರ್ಷಗಟ್ಟಲೆ ಟರ್ಮಿನಲ್ ತನ್ನ ಸಾಮರ್ಥ್ಯದ ಸಣ್ಣ ಪಾಲಿನಲ್ಲಿ ಉಸಿರು ಹಿಡಿದುಕೊಂಡಿತು. ಸುಮಾರು 450 ಕಿಲೋಮೀಟರ್‌ಗಳ ಕೊಚ್ಚಿ–ಮಂಗಳೂರು ಮಾರ್ಗದಲ್ಲಿ ಕೊನೆಯವರೆಗೆ ಕಾಡಿದ್ದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊಳವೆ ದಾಟಿಸುವ ಕೆಲಸ. ಅದು ಮುಗಿದು, 2021ರ ಜನವರಿ 5ರಂದು ಮಾರ್ಗ ಉದ್ಘಾಟನೆಯಾಯಿತು. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಹೊರಳಿದ್ದು ಈ ಕೊಳವೆ ಬಂದದ್ದರಿಂದಲೇ ಸಾಧ್ಯವಾಯಿತು. ಮಹಾಸಾಗರ ದಾಟಿದ ಅನಿಲ ಒಂದು ಹೊಳೆ ದಾಟಲು ಕಾದು ಕುಳಿತಿತ್ತು.

ಕೊಳವೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆಗಳು ಮೂರು. ಕೊಳವೆಯ ಒಡೆಯನಲ್ಲದವನಿಗೂ ಅದರಲ್ಲಿ ಜಾಗ ಸಿಗುತ್ತದೆಯೇ? ಸಾಗಣೆ ಶುಲ್ಕ ಹೇಗೆ? ವ್ಯಾಪಾರಕ್ಕೆ ಒಂದು ನೆಲೆ ಇದೆಯೇ? ಯುರೋಪ್ ಕಂಡುಕೊಂಡದ್ದು ಪ್ರವೇಶ–ನಿರ್ಗಮನ ಪದ್ಧತಿ: ಒಂದು ವಲಯದೊಳಗೆ ಅನಿಲ ಹಾಕುವವನು ಪ್ರವೇಶದ ಶುಲ್ಕ ಕೊಡುತ್ತಾನೆ, ತೆಗೆಯುವವನು ನಿರ್ಗಮನದ ಶುಲ್ಕ ಕೊಡುತ್ತಾನೆ, ನಡುವೆ ಯಾವ ಕೊಳವೆಯಲ್ಲಿ ಹರಿಯಿತೆಂದು ಯಾರೂ ಕೇಳುವುದಿಲ್ಲ. ನೆದರ್ಲೆಂಡ್ಸ್‌ನ ಟಿಟಿಎಫ್ ಇಂಥ ನೆಲೆ. ಅಲ್ಲಿ ಹೋಗಿ ಹುಡುಕಿದರೆ ವಾಲ್ವ್ ಸಿಗುವುದಿಲ್ಲ, ಇರುವುದೆಲ್ಲ ಲೆಕ್ಕದ ಪುಸ್ತಕದಲ್ಲಿ. ನಮ್ಮಲ್ಲಿ ಇಂಡಿಯನ್ ಗ್ಯಾಸ್ ಎಕ್ಸ್‌ಚೇಂಜ್ 2020ರ ಜೂನ್‌ನಲ್ಲಿ ಆರಂಭವಾಯಿತು, 2023ರ ಏಪ್ರಿಲ್ 1ರಿಂದ ಅಂತರಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿದ ಏಕೀಕೃತ ಸಾಗಣೆ ಶುಲ್ಕ ಬಂತು. ಅದಕ್ಕೆ ಮೊದಲು ಹಲವು ಕೊಳವೆ ದಾಟಿ ಬರುವ ಅನಿಲಕ್ಕೆ ಒಂದೊಂದು ಕೊಳವೆಗೂ ಬೇರೆ ಶುಲ್ಕ ಕೂಡುತ್ತಾ ಹೋಗುತ್ತಿತ್ತು, ಹೆದ್ದಾರಿಯಲ್ಲಿ ಹೆಜಮಾಡಿಯಿಂದ ತಲಪಾಡಿಯವರೆಗೆ ಟೋಲ್ ಕಟ್ಟುತ್ತಾ ಹೋದಂತೆ.

ಹೆಜ್ಜೆ 7: ಒಂದರ ಬೆಲೆ ಇನ್ನೊಂದಕ್ಕೆ ಅಂಟುವುದು

ಎಕ್ಸ್‌ಚೇಂಜಿನಲ್ಲಿ ಆ ಬ್ಲಾಕ್‌ಗೆ ಬೇಕಾದ ಕೊನೆಯ ಯೂನಿಟ್ ಕೊಟ್ಟವನ ದರವೇ ಎಲ್ಲರ ದರ. ಆ ಕೊನೆಯವನು ಅನಿಲ ಸ್ಥಾವರವಾಗಿದ್ದರೆ ವಿದ್ಯುತ್ ದರ ಅನಿಲದ ಬಾಲ ಹಿಡಿಯುತ್ತದೆ. 2022ರ ಆಗಸ್ಟ್‌ನಲ್ಲಿ ಟಿಟಿಎಫ್ ದರ ಮೆಗಾವ್ಯಾಟ್ ಗಂಟೆಗೆ 300 ಯೂರೊ ಮೀರಿದಾಗ, ಅನಿಲ ಹೆಚ್ಚು ಸುಡದ ಫ್ರಾನ್ಸ್‌ನಲ್ಲಿಯೂ ವಿದ್ಯುತ್ ದರ ಹಾರಿತು. ಅಲ್ಲಿನ ಹಲವು ಅಣುಸ್ಥಾವರಗಳು ದುರಸ್ತಿಗಾಗಿ ನಿಂತದ್ದೂ ಅದಕ್ಕೆ ಕೂಡಿಕೊಂಡಿತು. ಸ್ಪೇನ್ ಮತ್ತು ಪೋರ್ಚುಗಲ್ ಆ ವರ್ಷದ ಜೂನ್‌ನಿಂದ ವಿದ್ಯುತ್ ಸ್ಥಾವರಗಳ ಅನಿಲಕ್ಕೆ ದರದ ಮಿತಿ ಹಾಕಿ, ವ್ಯತ್ಯಾಸವನ್ನು ತಮ್ಮ ಗ್ರಾಹಕರಿಂದ ತುಂಬಿಸಿದವು. ಒಳಗೆ ದರ ಇಳಿಯಿತು. ಆದರೆ ಲೈನು ಫ್ರಾನ್ಸ್‌ಗೆ ತೆರೆದಿತ್ತು, ಹೀಗಾಗಿ ಸ್ಪೇನಿನ ಗ್ರಾಹಕ ಹಣ ಕೊಟ್ಟು ಅಗ್ಗವಾಗಿಸಿದ ವಿದ್ಯುತ್ ಪರ್ವತ ದಾಟಿ ಹರಿಯಿತು. ಗಡಿ ತೆರೆದಿರುವಾಗ ಸಬ್ಸಿಡಿಯೂ ಗಡಿ ದಾಟುತ್ತದೆ. ಇದನ್ನು ಲೆಕ್ಕ ಹಾಕದೆ ಬೆಸುಗೆಗೆ ಸಹಿ ಮಾಡುವ ಸರ್ಕಾರ ನಂತರ ಕೈಹಿಸುಕಿಕೊಳ್ಳುತ್ತದೆ.

ನಮ್ಮಲ್ಲಿ ಅನಿಲ ಸ್ಥಾವರಗಳ ಪಾಲು ತೀರ ಸಣ್ಣದು. ಹೆಜ್ಜೆ 1ರ 6.80 ರೂಪಾಯಿಯ ಲೆಕ್ಕವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕಲ್ಲಿದ್ದಲಿನ ಕಥೆ ಬೇರೆ: ಎಲ್ಲೂರಿನ ಸ್ಥಾವರ ವಿದೇಶಿ ಕಲ್ಲಿದ್ದಲನ್ನು ನಂಬಿ ಕಟ್ಟಿದ್ದು, ಹಾಗಾಗಿ ಹೊರದೇಶದ ಬೆಲೆ ಯಾವ ಲೈನೂ ಇಲ್ಲದೆ ಪಣಂಬೂರಿನ ಬಂದರಿನಲ್ಲಿ ಇಳಿದು ನಮ್ಮ ಜಿಲ್ಲೆಗೆ ಬರುತ್ತದೆ.

ಹೆಜ್ಜೆ 8: ನಿಮ್ಮ ಲೆಕ್ಕಕ್ಕೆ ಇದನ್ನು ತರುವುದು

ಮಲ್ಪೆಯಲ್ಲಿ ಐಸ್ ಪ್ಲಾಂಟ್ ನಡೆಸುವ ನನ್ನ ಪರಿಚಯದವರೊಬ್ಬರು ಕೇಳಿದ್ದು ಇಷ್ಟೇ: ‘ನೇಪಾಳದ ಕರೆಂಟ್ ನನ್ನ ಕಂಪ್ರೆಸರ್‌ಗೆ ಬರುತ್ತದೆಯೇ?’ ಎಕ್ಸ್‌ಚೇಂಜಿನಲ್ಲಿ ಕೊಳ್ಳುವವನಿಗೆ ಮಾರುವವನ ಹೆಸರು ತಿಳಿಯುವುದಿಲ್ಲ. ಎಲ್ಲ ಬಿಡ್‌ಗಳೂ ಒಂದೇ ರಾಶಿಗೆ ಬೀಳುತ್ತವೆ. ಬರುವುದು ವಿದ್ಯುತ್ತಲ್ಲ, ಅದರ ಬೆಲೆಯ ಪರಿಣಾಮ. ಆ ಪರಿಣಾಮ ಅವರಿಗೆ ಎಷ್ಟು ಸಿಗುತ್ತದೆ ಎಂದು ನೋಡಿದಾಗ ಒಂದು ತಮಾಷೆ ಕಂಡಿತು. ನೇಪಾಳದ ಹೆಚ್ಚುವರಿ ಜಲವಿದ್ಯುತ್ ಬರುವುದು ಮಳೆಗಾಲದಲ್ಲಿ, ಜೂನ್‌ನಿಂದ. ನಮ್ಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ತಿಂಗಳುಗಳು; ಬೋಟುಗಳು ದಡದಲ್ಲಿ, ಐಸಿಗೆ ಗಿರಾಕಿ ಇಲ್ಲ. ಅದೇ ಹೊತ್ತಿಗೆ ನಮ್ಮ ವಾರಾಹಿ ಜಲವಿದ್ಯುತ್ ಯೋಜನೆಯ ಜಲಾಶಯವೂ ತುಂಬುತ್ತಿರುತ್ತದೆ. ಅಂದರೆ ನೇಪಾಳದ ಮಳೆ ಜುಲೈನ ಸೆಕೆಯಲ್ಲಿರುವ ಉತ್ತರ ಭಾರತಕ್ಕೆ ಒದಗುವಷ್ಟು ನಮಗೆ ಒದಗುವುದಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಷ್ಟೇ ಅವರ ಪಾಲಿಗೆ ಲೆಕ್ಕಕ್ಕೆ ಬರುವಂಥವು.

ಓಪನ್ ಆಕ್ಸೆಸ್ ಮೂಲಕ, ಅಂದರೆ ಮೆಸ್ಕಾಂ ತಂತಿ ಬಳಸಿ ಹೊರಗಿನಿಂದ ನೇರವಾಗಿ, ಕೊಳ್ಳಬೇಕೆಂದರೆ ಸಾಮಾನ್ಯ ವಿದ್ಯುತ್ತಿಗೆ 1 ಮೆಗಾವ್ಯಾಟ್ ಬೇಡಿಕೆ ಇರಬೇಕು. ಹಸಿರು ವಿದ್ಯುತ್ತಿಗೆ 2022ರ ನಿಯಮದಂತೆ 100 ಕಿಲೋವ್ಯಾಟ್ ಸಾಕು. ಎಕ್ಸ್‌ಚೇಂಜ್ ದರವನ್ನು ಮೆಸ್ಕಾಂ ದರದೊಂದಿಗೆ ನೇರವಾಗಿ ಹೋಲಿಸುವುದು ಹೆಚ್ಚಿನವರು ಮಾಡುವ ತಪ್ಪು. ಪ್ರಸರಣ ಶುಲ್ಕ, ವ್ಹೀಲಿಂಗ್ ಶುಲ್ಕ (ಸ್ಥಳೀಯ ತಂತಿ ಬಳಸಿದ್ದಕ್ಕೆ), ದಾರಿಯ ನಷ್ಟ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಕಡಿಮೆ ದರದ ಗ್ರಾಹಕರ ಹೊರೆ ತುಂಬಲು) ಇವನ್ನೆಲ್ಲ ಕೂಡಿಸಿದ ಮೇಲೆ ಉಳಿಯುವುದೆಷ್ಟು ಎಂದು ನೋಡಬೇಕು. ಆಗ ಹಲವರ ಉತ್ಸಾಹ ತಣ್ಣಗಾಗುತ್ತದೆ.

ಕೊಳ್ಳದಿದ್ದರೂ ನೋಡುವ ಅಭ್ಯಾಸ ಒಳ್ಳೆಯದು. ಎಕ್ಸ್‌ಚೇಂಜಿನ ಜಾಲತಾಣದಲ್ಲಿ ಮರುದಿನದ 96 ಬ್ಲಾಕ್‌ಗಳ ದರ ವಲಯವಾರು ಸಿಗುತ್ತದೆ. ಏಪ್ರಿಲ್‌ನ ಒಂದು ವಾರ, ಸೆಪ್ಟೆಂಬರ್‌ನ ಒಂದು ವಾರ, ಎಸ್1 ಮತ್ತು ಎಸ್3ರ ಕಾಲಂಗಳನ್ನು ಪಕ್ಕಪಕ್ಕದಲ್ಲಿಟ್ಟು ಬರೆದುಕೊಳ್ಳಿ. ಮಧ್ಯಾಹ್ನ ಸೌರ ವಿದ್ಯುತ್ ತುಂಬಿ ಹರಿಯುವಾಗ ದರ ಎಲ್ಲಿಗೆ ಇಳಿಯುತ್ತದೆ, ಸಂಜೆ ಏಳರ ನಂತರ ಎಲ್ಲಿಗೆ ಏರುತ್ತದೆ, ಎರಡು ಕಾಲಂಗಳು ಯಾವ ಬ್ಲಾಕ್‌ನಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕಿ. ಮಲ್ಪೆಯವರು ಹೀಗೆ ಎರಡು ವಾರ ಬರೆದ ಮೇಲೆ ಬ್ರೈನ್ ಟ್ಯಾಂಕನ್ನು (ಐಸ್ ಗಟ್ಟಿಸುವ ಉಪ್ಪುನೀರಿನ ತೊಟ್ಟಿ) ಮಧ್ಯಾಹ್ನವೇ ತಣ್ಣಗಾಗಿಸಿ, ಸಂಜೆ ಏಳರಿಂದ ಹತ್ತರವರೆಗೆ ಒಂದು ಕಂಪ್ರೆಸರ್ ನಿಲ್ಲಿಸಬಹುದೇ ಎಂದು ತಮ್ಮ ಆಪರೇಟರ್ ಬಳಿ ಕೇಳಲು ಹೊರಟರು.